ಹೌದೆನ್ನುವ ಡಬ್ಬಿ

ಮಂಗಳವಾರ ಮುಂಜಾನೆ ಹನ್ನೊಂದರ ಸುಮಾರಿಗೆ ರಾಚಯ್ಯನವರು ಸ್ಟೀಲಿನ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು, ಒಳಗಿರುವುದು ತುಳುಕೀತು ಎಂಬಂತೆ ಒಂದೊಂದೇ ಮೆಟ್ಟಿಲು ಇಳಿದು ಅಂಗಡಿಗೆ ಬಂದರು. ಡಬ್ಬಿಯ ಮುಚ್ಚಳಕ್ಕೆ ತೂತು ಕೊರೆದು ತಾಮ್ರದ ತಂತಿಯ ಎರಡು ಸುರುಳಿ ನಿಲ್ಲಿಸಿದ್ದರು. ಒಂದು ಮಗ್ಗುಲಿಗೆ ಕೆಂಪು ದೀಪ, ಇನ್ನೊಂದು ಮಗ್ಗುಲಿಗೆ ಹಸಿರು ದೀಪ. ಹಿಂದಿನಿಂದ ಹಳೆಯ ಇಸ್ತ್ರಿಪೆಟ್ಟಿಗೆಯ ವೈರು ಬಾಲದಂತೆ ಜೋತುಬಿದ್ದಿತ್ತು.

ಕಂಪ್ಯೂಟರಿನ ಪಕ್ಕದಲ್ಲಿ ಅದನ್ನಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಅವರು ಹೆಂಡತಿಯ ಮುಖ ನೋಡಿದರು. ದಾಕ್ಷಾಯಣಿ ನೋಡಿದ್ದು ಡಬ್ಬಿಯನ್ನು. ಅದು ಮೂರು ದಿನದಿಂದ ಕಾಣೆಯಾಗಿದ್ದ ಹೋಳಿಗೆ ಡಬ್ಬಿ. ಕೇಳಬೇಕೆಂದು ಅವಳಿಗೆ ಅನ್ನಿಸಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಹೀಗೆ ಕಾಣೆಯಾಗಿ, ದೀಪ ಹಚ್ಚಿಕೊಂಡು ಮರಳಿ ಬಂದ ಪಾತ್ರೆಗಳನ್ನು ನೆನಪಿಡುವುದನ್ನು ಅವಳು ಎಂದೋ ಬಿಟ್ಟಿದ್ದಳು.

"ಇನ್ನ ಆ ಡ್ರೈವರ್ ಗೀವರ್ ಯಾವುದೂ ಬ್ಯಾಡ," ಎಂದರು ರಾಚಯ್ಯ. "ಇದು ಹೌದೆನ್ನೋ ಡಬ್ಬಿ. ಇದೊಂದಿದ್ರ ಸಾಕು."

ಬೆಟಗೇರಿಯ ಒಂದು ಓಣಿಯಲ್ಲಿ ಅವರದು ಎರಡಂತಸ್ತಿನ ಮನೆ. ಮೇಲೆ ಸಂಸಾರ, ಕೆಳಗೆ ದಾಕ್ಷಾಯಣಿಯ ಕಸೂತಿ ಅಂಗಡಿ. ಕಸೂತಿಯೆಂದರೆ ಈಗ ಕೈಯಿಂದ ಹಾಕುವುದಲ್ಲ. ಕಂಪ್ಯೂಟರಿನಲ್ಲಿ ಚಿತ್ರ ಬರೆದುಕೊಟ್ಟರೆ, ಅದಕ್ಕೆ ಜೋಡಿಸಿದ ದೊಡ್ಡ ಯಂತ್ರ ನವಿಲು, ಗೋಪುರ, ಆನೆ, ಯಾವುದು ಬೇಕಾದರೂ ಬಟ್ಟೆಯ ಮೇಲೆ ಹೊಲಿದು ಮುಗಿಸುತ್ತದೆ. ಆ ಚಿತ್ರದ ಪ್ರೋಗ್ರಾಮು ಮಾತ್ರ ಬಲು ಬಿಗುಮಾನದ್ದು. ಯಾರೂ ಕದ್ದು ನಕಲು ಮಾಡಬಾರದೆಂದು ಅದರ ಕಂಪನಿಯವರು ಜೊತೆಗೆ ಹೆಬ್ಬೆರಳಿನಷ್ಟು ಉದ್ದದ ಹಸಿರು ತುಂಡೊಂದನ್ನು ಕೊಟ್ಟಿದ್ದರು. ಅದನ್ನು ಕಂಪ್ಯೂಟರಿನ ಕಿಂಡಿಗೆ ಸಿಕ್ಕಿಸಿದರಷ್ಟೇ ಪ್ರೋಗ್ರಾಮು ತೆರೆಯುತ್ತದೆ; ಕಿತ್ತರೆ ಇದ್ದಲ್ಲೇ ನಿಲ್ಲುತ್ತದೆ. ಕಂಪನಿಯವರು ಅದಕ್ಕೆ ಡಾಂಗಲ್ ಎನ್ನುತ್ತಿದ್ದರು. ಮನೆಯವರೆಲ್ಲ ಕೀಲಿಕೈ ಎನ್ನುತ್ತಿದ್ದರು.

ಹಿಂದಿನ ಶುಕ್ರವಾರ ಹಳೆಯ ಕಂಪ್ಯೂಟರು ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತು. ಹೊಸದು ತಂದಾಯಿತು, ಪ್ರೋಗ್ರಾಮು ಹಾಕಿಯಾಯಿತು. ಆದರೆ ಕೀಲಿಕೈಯ ಮಾತನ್ನು ಕಂಪ್ಯೂಟರಿಗೆ ತಿಳಿಸಲು ನಡುವೆ ದುಭಾಷಿಯಂಥದೊಂದು ಚಿಕ್ಕ ಪ್ರೋಗ್ರಾಮು ಬೇಕು. ಅದಕ್ಕೇ ಡ್ರೈವರ್ ಎಂದು ಹೆಸರು. ಆ ಡ್ರೈವರು ಹೊಸ ಕಂಪ್ಯೂಟರಿನಲ್ಲಿ ಕೂರಲೊಲ್ಲದು. ಪರದೆಯ ಮೇಲಿನ ಪಟ್ಟಿ ನೂರಕ್ಕೆ ತೊಂಬತ್ತೆಂಟರ ತನಕ ಚೆಂದಾಗಿ ತುಂಬುತ್ತಿತ್ತು. ಆಮೇಲೆ ಸ್ವಲ್ಪ ಹೊತ್ತು ಯೋಚಿಸಿ, ಕೀಲಿಕೈ ಸಿಗಲಿಲ್ಲ, ತಪ್ಪು ಸಂಖ್ಯೆ ಏಳು ಎಂದು ತಿಳಿಸಿ ಕೈತೊಳೆದುಕೊಳ್ಳುತ್ತಿತ್ತು.

ಕಂಪನಿಯ ಸಹಾಯದ ನಂಬರಿಗೆ ದಾಕ್ಷಾಯಣಿ ಹತ್ತೊಂಬತ್ತು ಸಲ ಫೋನು ಮಾಡಿದ್ದಳು. ಅಲ್ಲಿದ್ದವನು ನಿರಂಜನ್ ಎಂಬ ಸಮಾಧಾನದ ಮನುಷ್ಯ. ಅವನ ದನಿಯಲ್ಲೂ ದಣಿವಿತ್ತು. ಕೀ ತೆಗೆಯಿರಿ, ಡ್ರೈವರ್ ಅಳಿಸಿ, ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಶುರುಮಾಡಿ, ಡ್ರೈವರ್ ಹಾಕಿ, ಕೀ ಕೊನೆಗೆ ಹಾಕಿ ಎನ್ನುತ್ತಿದ್ದ. ಹಾಗೆಯೇ ಮಾಡುತ್ತಿದ್ದಳು. ತಪ್ಪು ಏಳು. ಈ ಕಿಂಡಿ ಬಿಟ್ಟು ಆ ಕಿಂಡಿಗೆ ಹಾಕಿ ನೋಡಿ ಎನ್ನುತ್ತಿದ್ದ. ತಪ್ಪು ಏಳು. ವೈರಸ್ ಕಾವಲಿನ ಪ್ರೋಗ್ರಾಮು ನಿಲ್ಲಿಸಿ ನೋಡಿ ಎಂದ, ಆಗಲೂ ಏಳೇ. ಇದನ್ನೆಲ್ಲ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ ಅತ್ತೆ ಗುರುಸಿದ್ಧವ್ವ, ಮೂರು ದಿನದಿಂದ ಬಾರದ ಡ್ರೈವರನ್ನು ಏನು ಕಾಯುವುದು, ಬೇರೆ ಡ್ರೈವರನನ್ನು ಕರೆಸಬಾರದೇ ಎಂದು ಕೇಳಿದ್ದರು. ಕೊನೆಗೆ ನಿರಂಜನ್, ಕಂಪ್ಯೂಟರಿನಲ್ಲಿ ತಾರೀಖು ಸರಿಯಾಗಿದೆಯೇ ನೋಡಿ ಎಂದ. ತಾರೀಖು ಸರಿಯಾಗಿಯೇ ಇತ್ತು. ದಾಕ್ಷಾಯಣಿಯ ತ್ರಾಸೇ ಅದು.

ಗುರುವಾರ ಮುಂಜಾನೆ ಅವಳು ವಿಜಯಪುರದ ಬಸ್ಸು ಹತ್ತಬೇಕಿತ್ತು. ಅಲ್ಲಿ ಅವಳ ಅಕ್ಕ ಕಸ್ತೂರಿ ಒಬ್ಬಳೇ ಇರುತ್ತಾಳೆ. ಮದುವೆಯಾಗದೆ, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಶುಕ್ರವಾರ ಅವಳ ಮೊಣಕಾಲಿನ ಆಪರೇಷನ್. ತಂಗಿಯನ್ನು ಒಂದು ದಿನವೂ ಏನೂ ಕೇಳದವಳು, ಈ ಸಲ ಫೋನಿನಲ್ಲಿ, "ನೀ ಬಂದ್ರ ನಂಗ ಅಂಜಿಕಿ ಆಗೂದಿಲ್ಲ ನೋಡು," ಎಂದಿದ್ದಳು. ಇತ್ತ ಓಣಿಯ ಮಹಿಳಾ ಮಂಡಳಕ್ಕೆ ಗುರುವಾರ ಸಂಜೆ ಇಪ್ಪತ್ತೈದನೇ ವರ್ಷದ ಸಮಾರಂಭ. ನಲವತ್ತೆರಡು ಹೆಂಗಸರು ಒಂದೇ ನಮೂನೆಯ ನವಿಲಿನ ಜಂಪರು ಹಾಕಿಕೊಂಡು ವೇದಿಕೆ ಹತ್ತುವವರಿದ್ದರು. ನಲವತ್ತೆರಡು ಜಂಪರಿನ ಬಟ್ಟೆಯೂ ನವಿಲಿಲ್ಲದೆ ಮೂಲೆಯಲ್ಲಿ ಬಿದ್ದಿತ್ತು.

ಆದ್ದರಿಂದ ಹೋಳಿಗೆ ಡಬ್ಬಿಯ ಮಾತೆತ್ತದೆ, ಇದು ಏನು ಮಾಡುತ್ತದೆ ಎಂದಷ್ಟೇ ಅವಳು ಕೇಳಿದಳು.

ರಾಚಯ್ಯನವರು ತಾಂತ್ರಿಕ ತರಬೇತಿ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಪಾಠ ಹೇಳಿದವರು. ಚಿಕ್ಕದಾಗಿ ಹೇಳುವುದು ಅವರಿಗೆ ಒಗ್ಗದು. ಕಂಪ್ಯೂಟರು ಹತ್ತು ಎಣಿಸುವಷ್ಟರಲ್ಲಿ ಒಮ್ಮೆ ಕೀಲಿಕೈಯನ್ನು ಇದ್ದೀಯೇನು ಎಂದು ಕೇಳುತ್ತದಂತೆ. ಕೀಲಿಕೈ ಹೌದು ಎನ್ನಬೇಕು. ಈಗ ದುಭಾಷಿ ಇಲ್ಲದ್ದಕ್ಕೆ ಪ್ರಶ್ನೆ ಅತ್ತ ಮುಟ್ಟುತ್ತಿಲ್ಲ, ಉತ್ತರ ಇತ್ತ ಬರುತ್ತಿಲ್ಲ. ಡಬ್ಬಿ ಆ ಪ್ರಶ್ನೆಯನ್ನು ಗಾಳಿಯಲ್ಲಿ ಗಟ್ಟಿಯಾಗಿ ಕೂಗಿ, ಕೀಲಿಕೈಯ ಹೌದನ್ನು ಹೀರಿಕೊಂಡು, ತಾನೇ ಕಂಪ್ಯೂಟರಿಗೆ ಕಲಿಸಿಬಿಡುತ್ತದೆ. ಆದರೆ ಅಂಗಡಿಯ ಪ್ಲಗ್ಗಿಗೆ ಅರ್ಥಿಂಗ್ ಇಲ್ಲ. ದಾಕ್ಷಾಯಣಿ ಒಂದು ಕೈಯಲ್ಲಿ ಕೀಲಿಕೈ ಹಿಡಿದು, ಇನ್ನೊಂದು ಕೈಯನ್ನು ಡಬ್ಬಿಯ ಮೇಲಿಟ್ಟರೆ ಆ ಕೊರತೆ ನೀಗುತ್ತದೆ.

"ಶಾಕ್ ಹೊಡಿಯೂದಿಲ್ಲಲ್ಲ?"

"ಜುಮ್ ಅಂತೈತಿ, ಅಷ್ಟ."

ಅವಳು ಚಪ್ಪಲಿ ಬಿಟ್ಟು, ಹೇಳಿದಂತೆ ಹಿಡಿದು ನಿಂತಳು. ರಾಚಯ್ಯನವರು ಬಟನ್ ಒತ್ತಿದರು. ಕೆಂಪು ದೀಪ ಹತ್ತಿತು. ಜುಮ್ ಎಂದದ್ದು ಕೈಯಿಂದ ಹೊರಟು ಕಿವಿಯ ಓಲೆಯ ತನಕ ಹೋಗಿ ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಕೀಲಿಕೈಯಿಂದ ಒಂದೆಳೆ ಹೊಗೆ ಎದ್ದಿತು. ಹಸಿರು ದೀಪ ಹತ್ತಿತು. ಪರದೆಯ ಮೇಲೆ ನಾಲ್ಕು ದಿನದಿಂದ ಕಾಣದಿದ್ದ ಪ್ರೋಗ್ರಾಮು ತೆರೆದುಕೊಂಡಿತು.

ದಾಕ್ಷಾಯಣಿಗೆ ನಂಬಿಕೆ ಬರಲಿಲ್ಲ. ಕೀಲಿಕೈಯನ್ನು ಮತ್ತೆ ಕಿಂಡಿಗೆ ಸಿಕ್ಕಿಸಿ, ನವಿಲಿನ ಚಿತ್ರ ತೆಗೆದು, ಮೊದಲ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಯಂತ್ರ ಶುರುಮಾಡಿದಳು. ಸೂಜಿ ಕಟಕಟ ಓಡಿತು. ನವಿಲಿನ ಕಾಲು ಬಂತು, ಹೊಟ್ಟೆ ಬಂತು. ಅವಳು ಗಂಡನ ಕಡೆ ನೋಡಿ, ಊಟಕ್ಕೆ ಜುಣಕ ಮಾಡಲೇ ಎಂದು ಕೇಳಿದಳು. ಅವರಿಗೆ ಬೇಕಾದದ್ದೂ ಅಷ್ಟೇ.

ಅವಳು ಮೇಲೆ ಹೋಗಿ ಕಡಲೆಹಿಟ್ಟಿನ ಡಬ್ಬಿ ತೆಗೆಯುವಷ್ಟರಲ್ಲಿ ಕೆಳಗೆ ಕಟಕಟ ನಿಂತಿತು. ಇಳಿದು ಬಂದಳು, ಶುರುವಾಯಿತು. ಮತ್ತೆ ಹತ್ತಿದಳು, ನಿಂತಿತು. ದಾರ ಸಿಕ್ಕಿರಬೇಕು ಎಂದರು ರಾಚಯ್ಯ. ನಾಲ್ಕನೇ ಸಲ ಇಳಿದಾಗ ದಾಕ್ಷಾಯಣಿ ಕಂಪ್ಯೂಟರಿನಿಂದ ಕೀಲಿಕೈಯನ್ನು ಕಿತ್ತು ನೋಡಿದಳು. ಒಳಗೆಲ್ಲ ಕರಿಕಾಗಿ, ಸೀದ ಶೇಂಗಾದ ಹಾಗೆ ಕಾಣುತ್ತಿತ್ತು. ಅದನ್ನು ಕಿತ್ತ ಮೇಲೂ ಸೂಜಿ ಓಡುತ್ತಲೇ ಇತ್ತು.

"ಹಂಗಾರ ಇದು ಯಾರ ಹೌದಿನ ಮ್ಯಾಲ ಓಡಾಕತ್ತೈತ್ರಿ?" ಎಂದು ಅವಳು ಕೇಳಿದಳು.

ರಾಚಯ್ಯನವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಹೆಂಡತಿಯನ್ನೇ ಮೇಲಿಂದ ಕೆಳಗೆ ನೋಡಿದರು. ಕೀಲಿಕೈಯ ಹೌದು ಡಬ್ಬಿಗೆ ಹೋಗುವಾಗ ಅವಳ ಮೈಯನ್ನು ದಾಟಿ ಹೋಗಿತ್ತು. ದಾರಿಯಲ್ಲಿ ಎಲ್ಲಿ ಬದಲಾಯಿತೋ, ಡಬ್ಬಿ ಕಂಪ್ಯೂಟರಿಗೆ ಕಲಿಸಿದ್ದು ಕೀಲಿಕೈಯನ್ನಲ್ಲ, ದಾಕ್ಷಾಯಣಿಯನ್ನು.

ಅವರು ಇದನ್ನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದರು. ದಾಕ್ಷಾಯಣಿ ಕುರ್ಚಿ ಎಳೆದುಕೊಂಡು ಯಂತ್ರದ ಬಗಲಿಗೆ ಕೂತಳು. ಇರಲಿ, ಕೂತರೆ ಓಡುತ್ತದಲ್ಲ, ನಾಳೆ ಸಂಜೆಯ ತನಕ ಕೂತರಾಯಿತು ಎಂದುಕೊಂಡಳು. ಮಧ್ಯಾಹ್ನದ ಜುಣಕ ಅಲ್ಲಿಗೇ ನಿಂತಿತು. ಮೊಸರು, ತಣ್ಣನೆಯ ರೊಟ್ಟಿ, ಶೇಂಗಾ ಹಿಂಡಿಯಲ್ಲಿ ಮೂವರ ಊಟ ಮುಗಿಯಿತು.

ಡಬ್ಬಿಯನ್ನು ಬಂದ್ ಮಾಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಅದು ಮೇಜಿನ ಮೇಲೆ ಹಸಿರು ದೀಪ ಉರಿಸಿಕೊಂಡು, ಇದ್ದೀಯೇನು ಇದ್ದೀಯೇನು ಎಂದು ಗಾಳಿಯಲ್ಲಿ ಕೂಗುತ್ತ ಕೂತೇ ಇತ್ತು.

ಸಂಜೆ ಆರೂವರೆಗೆ ಮೇಲಿನಿಂದ ಗುರುಸಿದ್ಧವ್ವನವರು ಕರೆದರು. ಟೀವಿಯಲ್ಲಿ ಅವರ ಧಾರಾವಾಹಿ ಶುರುವಾಗಿ, ಸೊಸೆ ಇನ್ನೇನು ವಿಷ ಬೆರೆಸಿದ ಹಾಲಿನ ಲೋಟ ಎತ್ತಬೇಕು, ಅಷ್ಟರಲ್ಲಿ ಚಿತ್ರ ನಿಂತು, ಮೂರು ಸಲ ಪೀಂ ಎಂದು, ಕೀಲಿಕೈ ಸಿಗಲಿಲ್ಲ ಎಂಬ ಅಕ್ಷರ ಮೂಡಿತ್ತು. ದಾಕ್ಷಾಯಣಿ ಮೇಲೆ ಹೋದಳು. ಅವಳು ಬಾಗಿಲಲ್ಲಿ ನಿಂತ ಕೂಡಲೇ ಟೀವಿಯ ಸೊಸೆ ಲೋಟ ಎತ್ತಿದಳು. ಕೆಳಗೆ ಕಸೂತಿ ಯಂತ್ರ ನಿಂತಿತು.

ಆಮೇಲೆ ಒಂದೊಂದೇ ಹೊರಬಿದ್ದವು. ಕರೆಂಟಿನ ಒಲೆ ಮೂರು ಸಲ ಪೀಂ ಎಂದಿತು. ಮಿಕ್ಸಿಗೆ ಪೀಂ ಎನ್ನಲು ಬರುವುದಿಲ್ಲ, ಅದು ಸುಮ್ಮನೆ ಹಟ ಹಿಡಿದು ಕೂತಿತು. ಬಟ್ಟೆ ಒಗೆಯುವ ಯಂತ್ರ ನೀರು ತುಂಬಿಕೊಂಡು, ಬಾಗಿಲು ಬಿಗಿದುಕೊಂಡು, ಒಳಗೆ ರಾಚಯ್ಯನವರ ನಾಲ್ಕು ಅಂಗಿಗಳನ್ನು ಒತ್ತೆ ಇಟ್ಟುಕೊಂಡಿತು. ದಾಕ್ಷಾಯಣಿ ಎದುರು ಬಂದರೆ ಎಲ್ಲವೂ ನಡೆಯುತ್ತಿದ್ದವು. ಹತ್ತು ಹೆಜ್ಜೆ ದೂರ ಹೋದರೆ ನಿಲ್ಲುತ್ತಿದ್ದವು. ಒಲೆಯ ಮುಂದೆ ನಿಂತರೆ ಕಸೂತಿ ನಿಲ್ಲುತ್ತದೆ, ಕಸೂತಿಯ ಮುಂದೆ ಕೂತರೆ ಒಲೆ ಆರುತ್ತದೆ. ರಾತ್ರಿ ಮಲಗುವ ಹೊತ್ತಿಗೆ ಆದದ್ದು ಹದಿನೆಂಟೇ ನವಿಲು.

ಬುಧವಾರ ಮುಂಜಾನೆ ಮಕ್ತುಮಸಾಬರು ಬಂದರು. ಪಕ್ಕದ ಹಿಟ್ಟಿನ ಗಿರಣಿ ಅವರದು. ತಲೆ, ಹುಬ್ಬು, ಗಡ್ಡ ಎಲ್ಲ ಹಿಟ್ಟಿನಿಂದ ಬೆಳ್ಳಗಾದ, ಜೋರು ದನಿಯೆತ್ತದ ಮನುಷ್ಯ. ಗಿರಣಿಯ ಮೋಟಾರು ಹೊಸದಾಗಿ ಹಾಕಿಸಿದ್ದು, ಶುರುಮಾಡಿದರೆ ಮೂರು ಸಲ ಕೂಗಿ ನಿಲ್ಲುತ್ತದೆ, ತೂಕದ ಯಂತ್ರ ತೂಕದ ಬದಲು ಏಳು ಎಂದು ತೋರಿಸುತ್ತದೆ, ಕಾಲು ಕಿಲೋ ಇಟ್ಟರೂ ಏಳು, ಹತ್ತು ಕಿಲೋ ಇಟ್ಟರೂ ಏಳು ಎಂದು ಹೇಳಿದರು. ಹೇಳುತ್ತಿರುವಾಗಲೇ ಆಚೆ ಗಿರಣಿ ತಾನಾಗಿ ಓಡತೊಡಗಿತು. ದಾಕ್ಷಾಯಣಿ ಆಗಷ್ಟೇ ಮೆಟ್ಟಿಲಿಳಿದು ಆ ಕಡೆಯ ಗೋಡೆಗೆ ಒರಗಿ ನಿಂತಿದ್ದಳು. ಮಕ್ತುಮಸಾಬರು ಗೋಡೆಯನ್ನು ನೋಡಿದರು, ಅವಳನ್ನು ನೋಡಿದರು, ಮೇಜಿನ ಮೇಲಿನ ಡಬ್ಬಿಯನ್ನು ನೋಡಿದರು. ರಾಚಯ್ಯನವರ ನೆರೆಯಲ್ಲಿ ಹತ್ತೊಂಬತ್ತು ವರ್ಷ ಕಳೆದವರಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ.

ಆಗ ರಾಚಯ್ಯನವರು ಡಬ್ಬಿಯ ವೈರು ಕಿತ್ತರು. ಮುಚ್ಚಳ ತೆಗೆದು ಒಳಗಿನದನ್ನೆಲ್ಲ ಬಿಡಿಸಿ ಹಾಳೆಯ ಮೇಲೆ ಹರವಿದರು. ಏನೂ ಬದಲಾಗಲಿಲ್ಲ. ಕಲಿತ ಯಂತ್ರಗಳು ಕಲಿತೇ ಬಿಟ್ಟಿದ್ದವು. ಆದರೆ ಡಬ್ಬಿ ಆರಿದ ಮೇಲೆ ಹೊಸದಾಗಿ ಯಾವುದೂ ಕಲಿಯುವುದಿಲ್ಲ ಎಂದು ಅವರು ಎರಡೆರಡು ಸಲ ಹೇಳಿದರು. ಅದೊಂದು ಸಮಾಧಾನ ಅನ್ನಬಹುದಿತ್ತು.

ದಾಕ್ಷಾಯಣಿ ಇಪ್ಪತ್ತನೇ ಸಲ ಸಹಾಯದ ನಂಬರಿಗೆ ಫೋನು ಮಾಡಿ, ಪ್ರೋಗ್ರಾಮು ಓಡುತ್ತಿದೆ, ಆದರೆ ಕೀಲಿಕೈಯ ಬದಲಿಗೆ ಬೇರೊಂದನ್ನು ಹಿಡಿದುಕೊಂಡಿದೆ, ಬಿಡಿಸುವುದು ಹೇಗೆ ಎಂದು ಕೇಳಿದಳು. ನಿರಂಜನ್ ಒಂದು ಕ್ಷಣವೂ ಯೋಚಿಸಲಿಲ್ಲ.

"ಸಿಂಪಲ್ ಮೇಡಂ. ಆ ಕೀನ ಪೂರ್ತಿ ಹೊರಗೆ ತೆಗೆದು, ಐದು ನಿಮಿಷ ಬಿಟ್ಟು, ಸಿಸ್ಟಮ್ ರೀಸ್ಟಾರ್ಟ್ ಮಾಡಿ. ಡ್ರೈವರ್ ಹಾಕಿ. ಆಮೇಲೆ ಕೀ ಮತ್ತೆ ಒಳಗೆ ಹಾಕಿ."

ಹೀಗೆ ದಾಕ್ಷಾಯಣಿಯನ್ನು ಮನೆಯಿಂದ ಪೂರ್ತಿ ಹೊರಗೆ ತೆಗೆಯಲಾಯಿತು. ಓಣಿಯ ತುದಿಯಲ್ಲಿ ಒಂದು ಕಲ್ಲಿನ ಕಟ್ಟೆಯಿದೆ. ರಾಚಯ್ಯನವರು ಅವಳನ್ನು ಅಲ್ಲಿಯ ತನಕ ನಡೆಸಿಕೊಂಡು ಹೋಗಿ ಕೂರಿಸಿ, ಅಲ್ಲಾಡಬೇಡ ಎಂದು ಹೇಳಿ ಮರಳಿದರು. ಐದು ನಿಮಿಷಕ್ಕೆ ಕರೆದರು. ಅವಳು ಮನೆಗೆ ಹೋದಳು. ತಪ್ಪು ಏಳು. ಮತ್ತೆ ಕಟ್ಟೆ. ಮತ್ತೆ ಕರೆ. ಎಡಗಾಲು ಮೊದಲಿಟ್ಟು ಒಳಗೆ ಬಾ ಎಂದರು, ಕೈಬಳೆ ತೆಗೆದಿಟ್ಟು ಬಾ ಎಂದರು, ಹಿತ್ತಲ ಬಾಗಿಲಿನಿಂದ ಬಾ ಎಂದರು. ನಿರಂಜನ್ ಬೇರೆ ಕಿಂಡಿಗೆ ಹಾಕಿ ಎಂದಿದ್ದನಂತೆ.

ಐದನೇ ಸಲ ಕಟ್ಟೆಯ ಮೇಲೆ ಕೂತಾಗ ದಾಕ್ಷಾಯಣಿ ಕಾಲು ಮೇಲೆತ್ತಿ, ಬೇವಿನ ಮರಕ್ಕೆ ಬೆನ್ನು ಕೊಟ್ಟಳು. ಬಿಸಿಲು ಇನ್ನೂ ಎಳೆಯದಿತ್ತು. ಎದುರಿನ ಹೋಟೆಲಿನಿಂದ ಯಾರೋ ಕೇಳದೆಯೇ ಚಹಾ ತಂದಿಟ್ಟು ಹೋದರು. ಅವಳು ಅದನ್ನು ಬಿಸಿಯಿರುವಾಗಲೇ ಕುಡಿದಳು. ಮುಂಜಾನೆಯ ಚಹಾ ಬಿಸಿಯಾಗಿ ಕುಡಿದು ಎಷ್ಟು ದಿನವಾಯಿತು ಎಂದು ನೆನಪಿಸಿಕೊಳ್ಳಲು ಹೋಗಿ, ಸುಸ್ತಾಗಿ, ಬಿಟ್ಟಳು. ಕಣ್ಣು ಎಳೆಯಿತು.

ಎಬ್ಬಿಸಿದ್ದು ಮಕ್ತುಮಸಾಬರು. "ಅಕ್ಕಾರ, ಇಷ್ಟು ದೂರ ಹೋಗಬ್ಯಾಡ್ರಿ. ಹನ್ನೊಂದು ಮಂದಿ ಜ್ವಾಳ ಹಿಡ್ಕೊಂಡು ನಿಂತಾರ," ಎಂದರು ಸಂಕೋಚದಿಂದ.

ಅವಳು ಎದ್ದು ಬಂದಳು. ಬಂದವಳು ಅಂಗಡಿಗೂ ಹೋಗಲಿಲ್ಲ, ಮೇಲೂ ಹೋಗಲಿಲ್ಲ. ಮೆಟ್ಟಿಲ ನಡುವೆ, ತಿರುವಿನಲ್ಲಿ ಒಂದು ಚಾಪೆ ಹಾಸಿ ಕೂತಳು. ಅಲ್ಲಿಂದ ಕೆಳಗಿನ ಅಂಗಡಿಗೆ ಎಂಟು ಹೆಜ್ಜೆ, ಮೇಲಿನ ಅಡುಗೆಮನೆಗೆ ಒಂಬತ್ತು, ಗೋಡೆಯಾಚೆಯ ಗಿರಣಿಗೆ ಐದಾರು. ಕೂತ ಕೂಡಲೇ ಮೂರು ದಿಕ್ಕಿನಲ್ಲೂ ಸದ್ದು ಎದ್ದಿತು. ಸೂಜಿ ಓಡಿತು, ಕುಕ್ಕರು ಕೂಗಿತು, ಗಿರಣಿ ಗರಗರ ಎಂದಿತು, ಒಗೆಯುವ ಯಂತ್ರ ಅಂಗಿಗಳನ್ನು ಬಿಟ್ಟುಕೊಟ್ಟಿತು. ಅವಳು ಎದ್ದರೆ ಎಲ್ಲ ನಿಲ್ಲುತ್ತಿತ್ತು. ಆದ್ದರಿಂದ ರಾಚಯ್ಯನವರೇ ಕೆಳಗೆ ಬಟ್ಟೆ ಬದಲಿಸಿದರು, ದಾರ ಪೋಣಿಸಿದರು. ಒಂದು ಜಂಪರಿಗೆ ನವಿಲನ್ನು ತಲೆಕೆಳಗಾಗಿ ಹಾಕಿ, ಆ ಹೆಂಗಸಿಗೆ ಸೆರಗು ಹೊದ್ದುಕೊಳ್ಳಲು ಹೇಳಬೇಕು ಎಂದು ಚೀಟಿ ಅಂಟಿಸಿದರು.

ಅವಳಿಗೆ ಊಟ ಮೆಟ್ಟಿಲಿಗೇ ಬಂತು. ಗಿರಣಿಗೆ ಬಂದ ಹೆಂಗಸರಲ್ಲಿ ಇಬ್ಬರು ಮೆಟ್ಟಿಲ ಬುಡದಲ್ಲಿ ನಿಂತು ಅವಳಿಗೆ ಕೈಮುಗಿದೂ ಹೋದರು. ಗುರುಸಿದ್ಧವ್ವನವರು ಮೇಲಿನ ಮೆಟ್ಟಿಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ಸೊಸೆಯನ್ನು ಬಹಳ ಹೊತ್ತು ನೋಡಿದರು.

"ಮೂವತ್ತು ವರ್ಷ ಆತು, ಈ ಮನಿ ಹಿಂಗ ನಡೀತೈತಿ," ಎಂದರು. "ಯಂತ್ರಕ್ಕ ಈಗ ತಿಳೀತು ನೋಡು."

ರೊಟ್ಟಿ ಮುರಿಯುತ್ತಿದ್ದ ದಾಕ್ಷಾಯಣಿಯ ಕೈ ಸ್ವಲ್ಪ ಹೊತ್ತು ತಟ್ಟೆಯಲ್ಲೇ ನಿಂತಿತು.

ಸಂಜೆ ಏಳಕ್ಕೆ ನಲವತ್ತೆರಡನೇ ನವಿಲು ಮುಗಿಯಿತು. ಅವಳು ಚಾಪೆ ಸುತ್ತಿಟ್ಟು ಬ್ಯಾಗು ತುಂಬತೊಡಗಿದಳು. ಅದನ್ನು ಕಂಡು ಎಲ್ಲರಿಗೂ ಒಮ್ಮೆಲೇ ಗುರುವಾರ ನೆನಪಾಯಿತು. ಮಕ್ತುಮಸಾಬರು ಬಂದು, ಗಿರಣಿಯ ಪೆಟ್ಟಿಗೆ ಬದಲಿಸಲು ಹುಬ್ಬಳ್ಳಿಯಿಂದ ಮನುಷ್ಯ ಬರಲು ನಾಲ್ಕು ದಿನ ಬೇಕೆಂದು ಹೇಳಿ, ಹೋಗಬೇಡಿ ಎನ್ನಲಾರದೆ ನಿಂತರು. ಮಂಡಳದ ಅಧ್ಯಕ್ಷೆ ಬಂದು ಜಂಪರು ತೆಗೆದುಕೊಂಡು, ಇನ್ನೂ ಆರು ಮಂದಿಗೆ ಬೇಕಿತ್ತು, ನಾಳೆ ಮಧ್ಯಾಹ್ನದೊಳಗೆ ಆಗಬಹುದೇ ಎಂದರು. ರಾಚಯ್ಯನವರು ಎಲ್ಲರೂ ಹೋದ ಮೇಲೆ ಬ್ಯಾಗಿನ ಪಕ್ಕ ಕೂತು, ಆಪರೇಷನ್ನನ್ನು ಒಂದು ವಾರ ಮುಂದೆ ಹಾಕಲು ಡಾಕ್ಟರಿಗೆ ಹೇಳಿ ನೋಡಿದರೆ ಹೇಗೆ, ಅಷ್ಟರಲ್ಲಿ ತಾನು ಏನಾದರೂ ದಾರಿ ಹುಡುಕುತ್ತೇನೆ ಎಂದರು.

ದಾಕ್ಷಾಯಣಿ ಸೀರೆ ಮಡಚುವುದನ್ನು ನಿಲ್ಲಿಸಲಿಲ್ಲ.

"ಒಂದು ಮಾತು ಹೇಳ್ತೀನಿ, ನಡುವ ಬಾಯಿ ಹಾಕಬ್ಯಾಡ್ರಿ. ನಿಮ್ಮ ಯಂತ್ರ ಹತ್ತು ಎಣಿಸೂದ್ರಾಗ ಒಮ್ಮೆ ಕೇಳತಾವು, ಇದ್ದೀ ಏನು ಅಂತ. ನಮ್ಮ ಅಕ್ಕ ಅರವತ್ತೆರಡು ವರ್ಷದಾಗ ಒಮ್ಮೆ ಕೇಳ್ಯಾಳ. ನಾ ಹೋಗಾಕಿ."

ರಾಚಯ್ಯನವರು ಎದ್ದು ಅಟ್ಟದ ಮೇಲಿಂದ ಹಳೆಯ ಸೀಮೆಎಣ್ಣೆ ಸ್ಟೌ ಇಳಿಸಿ, ಅದರ ಬತ್ತಿ ಹೇಗೆ ಏರಿಸುವುದು ಎಂದು ತಾಯಿಯನ್ನು ಕೇಳಿ ಕಲಿಯತೊಡಗಿದರು. ಮರುದಿನ ಮುಂಜಾನೆ ಬ್ಯಾಗನ್ನು ಅವರೇ ಬಸ್ ನಿಲ್ದಾಣದ ತನಕ ಹೊತ್ತರು. ಸೀಟು ಹಿಡಿದುಕೊಟ್ಟು, ಕಿಟಕಿಯ ಹೊರಗೆ ನಿಂತು, ಡಬ್ಬಿಯಲ್ಲಿ ತಪ್ಪೇನೂ ಇರಲಿಲ್ಲ, ತಾನು ಅದಕ್ಕೆ ಕೊಟ್ಟ ಕೆಲಸವೇ ತಪ್ಪಿತ್ತು ಎಂದು ಹೇಳಿದರು. ಅವರ ಬಾಯಲ್ಲಿ ಅದು ಕ್ಷಮೆ ಕೇಳಿದ ಹಾಗೆಯೇ ಎಂದು ಅವಳಿಗೆ ಗೊತ್ತಿತ್ತು.

ಬಸ್ಸು ಹೊರಟ ಮೇಲೂ ದಾಕ್ಷಾಯಣಿಯ ಎದೆ ಹಗುರಾಗಲಿಲ್ಲ. ಹೊಸದಾಗಿ ಯಾವುದೂ ಕಲಿಯುವುದಿಲ್ಲ ಎಂದು ಗಂಡ ಹೇಳಿದ್ದರು. ಆದರೆ ಗಂಡ ಹೇಳಿದ್ದರು ಎಂಬುದೇ ಅವಳ ಚಿಂತೆ. ತಾನು ಆಸ್ಪತ್ರೆಯೊಳಗೆ ಕಾಲಿಟ್ಟ ಮೇಲೆ ಅಲ್ಲಿನ ಯಂತ್ರಗಳೂ ತನ್ನ ಮುಖ ನೋಡಿ ಕೂತುಬಿಟ್ಟರೆ? ಕಂಡಕ್ಟರ್ ಟಿಕೆಟಿನ ಯಂತ್ರ ಹಿಡಿದು ಸೀಟಿನ ಬಳಿ ಬಂದಾಗ ಅವಳು ಉಸಿರು ಬಿಗಿಹಿಡಿದಳು. ಯಂತ್ರ ಒಂದೇ ಸಲ ಪೀಂ ಎಂದಿತು. ಚೀಟಿ ಹೊರಬಂತು. ಕಂಡಕ್ಟರ್ ಅದನ್ನು ಹರಿಯದೆ, ಆಧಾರ್ ಕಾರ್ಡ್ ತೋರಿಸಿ ಎಂದ. ಕಾರ್ಡಿನ ಫೋಟೋ ನೋಡಿದ, ಅವಳ ಮುಖ ನೋಡಿದ, ನೀವೇ ಏನ್ರಿ ಎಂದು ಅನುಮಾನದಿಂದ ಮತ್ತೊಮ್ಮೆ ಫೋಟೋ ನೋಡಿದ. ತನ್ನನ್ನು ಗುರುತಿಸದ ಆ ಯಂತ್ರವನ್ನೂ ಮನುಷ್ಯನನ್ನೂ ನೋಡಿ ದಾಕ್ಷಾಯಣಿಗೆ ಕಣ್ಣು ತುಂಬಿ ಬಂತು. ಅಕ್ಕನ ಆಪರೇಷನ್ ಸುಸೂತ್ರ ಆಗುತ್ತದೆ ಎಂದು ಅವಳಿಗೆ ಆಗಲೇ ಧೈರ್ಯ ಬಂದಿತು.

ಬಸ್ಸು ರೋಣ ದಾಟುವ ಮೊದಲೇ ಫೋನು ಬಂತು. "ಹ್ಞೂಂ, ಹೇಳ್ರಿ," ಎಂದಳು. ಆ ಕಡೆಯಿಂದ ಮಿಕ್ಸಿಯ ಸದ್ದು ಜೋರಾಗಿ ಕೇಳಿತು, ಅದರ ಮೇಲೆ ಗಂಡನ ಕೂಗು. ಫೋನನ್ನು ಗಟ್ಟಿಯಾಗಿ ಕೇಳುವಂತೆ ಮಿಕ್ಸಿಯ ಪಕ್ಕದಲ್ಲಿಟ್ಟಿದ್ದರಂತೆ; ಅವಳು ಹ್ಞೂಂ ಎಂದ ಕೂಡಲೇ ಅದು ಓಡಿತಂತೆ. ಹತ್ತು ಎಣಿಸುವಷ್ಟರಲ್ಲಿ ಮತ್ತೆ ನಿಂತಿತು. ಇನ್ನೊಮ್ಮೆ ಅನ್ನು ಎಂದರು. ಅಂದಳು. ಓಡಿತು. ಆಮೇಲೆ ಗಿರಣಿಯವರಿಗೆ ಬೇಕು ಎಂದರು. ಆಮೇಲೆ ಮಂಡಳದ ಆರು ಜಂಪರು. ಮೂರು ಊರು ದಾಟುವ ತನಕ ದಾಕ್ಷಾಯಣಿ ಕಿಟಕಿಯಾಚೆಯ ಕುಸುಬೆಯ ಹೊಲ ನೋಡುತ್ತ ಹ್ಞೂಂ ಎನ್ನುತ್ತಲೇ ಇದ್ದಳು. ಪಕ್ಕದಲ್ಲಿ ಕೂತ ಮುದುಕಿ, ಯಾರವ್ವ ಅಷ್ಟು ಕತಿ ಹೇಳಾಕತ್ತಾರ ಎಂದು ಕೇಳಿದಳು.

ಕೊನೆಗೆ ದಾಕ್ಷಾಯಣಿ ಸುಸ್ತಾಗಿ, "ಇದನ್ನ ರೆಕಾರ್ಡ್ ಮಾಡ್ಕೊಳ್ರಿ, ಬೇಕಾದಾಗ ಹಚ್ಕೊಳ್ರಿ," ಎಂದಳು. ತರಬೇತಿ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಪಾಠ ಹೇಳಿದವರಿಗೆ ಅದು ಹೊಳೆದಿರಲಿಲ್ಲ. ಮೆಟ್ಟಿಲ ತಿರುವಿನಲ್ಲಿ, ಅವಳು ಕೂತಿದ್ದ ಜಾಗದಲ್ಲೇ, ಹಳೆಯ ಮೊಬೈಲೊಂದನ್ನು ಸ್ಪೀಕರಿಗೆ ಜೋಡಿಸಿ ಕೂರಿಸಿದರು. ಅದು ಐದು ಎಣಿಸುವಷ್ಟರಲ್ಲಿ ಒಮ್ಮೆ ಅವಳ ದನಿಯಲ್ಲಿ ಹ್ಞೂಂ ಎನ್ನುವಂತೆ ಮಾಡಿದರು. ಮತ್ತೆ ಫೋನು ಬರಲಿಲ್ಲ. ಅವಳು ವಿಜಯಪುರದ ತನಕ ನಿದ್ದೆ ಮಾಡಿದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಅದಕ್ಕೆ ಒಯ್ಯುವ ಮೊದಲು ಕಸ್ತೂರಿ ತಂಗಿಯ ಕೈ ಹಿಡಿದುಕೊಂಡು ಹದಿನೇಳರ ಮಗ್ಗಿ ಹೇಳಿದಳು. ಎಚ್ಚರವಾದ ಮೇಲೆ ಮೊದಲು ಕೇಳಿದ್ದು, ದಾಕ್ಷಾ ಇದ್ದಾಳೇನು ಎಂದು. ಇದ್ದಳು.

ಶನಿವಾರ ಮಧ್ಯಾಹ್ನ ಅಕ್ಕ ಮಲಗಿದ ಮೇಲೆ ದಾಕ್ಷಾಯಣಿ ಮನೆಗೆ ಫೋನು ಮಾಡಿದಳು. ಎತ್ತಿದ್ದು ಅತ್ತೆ. ಎಲ್ಲ ಚೆಂದ ನಡೆದಿದೆ, ರಾಚಯ್ಯ ಗಿರಣಿಯಲ್ಲಿದ್ದಾನೆ, ತಡಿ, ಹಾಲು ಉಕ್ಕಾಕತ್ತೈತಿ ಎಂದು ಫೋನನ್ನು ಮೆಟ್ಟಿಲ ಮೇಲೆ ಇಟ್ಟು ಹೋದರು.

ದಾಕ್ಷಾಯಣಿ ಕಾದಳು. ಆಮೇಲೆ, "ನಂಗೂ ಭಾಳ ಸಾಕಾಗೇತ್ರಿ ಅತ್ತೀ," ಎಂದಳು.

"ಹ್ಞೂಂ," ಎಂದಿತು ಆ ಕಡೆಯ ದನಿ.

ಅತ್ತೆ ಮರಳಿ ಬಂದರೆಂದುಕೊಂಡು ಅವಳು ಮುಂದುವರಿಸಿದಳು. ನಾಲ್ಕು ದಿನ ಆ ಡ್ರೈವರಿನ ಹಿಂದೆ ಬಿದ್ದು ಬೆನ್ನು ನೋಯುತ್ತಿರುವುದನ್ನು ಹೇಳಿದಳು. ಹ್ಞೂಂ. ಓಣಿಯ ಕಟ್ಟೆಯ ಮೇಲೆ ಬಿಸಿ ಚಹಾ ಕುಡಿದದ್ದು ಹೇಳಿದಳು. ಹ್ಞೂಂ. ಅಷ್ಟರಲ್ಲಿ ಅವಳಿಗೆ ಅದು ತನ್ನದೇ ದನಿ ಎಂದು ಗೊತ್ತಾಯಿತು. ಫೋನು ಇಟ್ಟುಬಿಡಬಹುದಿತ್ತು. ಇಡಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕಾಲು ಚಾಚಿ, ಮೂವತ್ತು ವರ್ಷದಲ್ಲಿ ಹೇಳಬೇಕೆಂದು ಹೇಳದೆ ಬಿಟ್ಟದ್ದನ್ನು ಒಂದೊಂದಾಗಿ ಹೇಳುತ್ತ ಹೋದಳು. ನಡುವೆ ಯಾರೂ ಬಾಯಿ ಹಾಕಲಿಲ್ಲ. ಯಾರೂ ಚಹಾ ಕೇಳಲಿಲ್ಲ. ಪ್ರತಿ ಮಾತಿಗೂ ಸಮಾಧಾನದ ಒಂದು ಹ್ಞೂಂ ಬರುತ್ತಿತ್ತು.

ಮುಕ್ಕಾಲು ಗಂಟೆಯ ಮೇಲೆ ಒಳಗೆ ಬಂದಾಗ ಕಸ್ತೂರಿ ಎಚ್ಚರವಾಗಿದ್ದಳು. ಅಷ್ಟು ಹೊತ್ತು ಯಾರ ಜೋಡಿ ಮಾತಾಡಿದಿ ಎಂದು ಕೇಳಿದಳು.

"ಮನಿಗೆ," ಎಂದಳು ದಾಕ್ಷಾಯಣಿ, ಅಕ್ಕನ ಹೊದಿಕೆ ಸರಿಮಾಡುತ್ತ. "ಅಲ್ಲೆ ನನ್ನ ಮಾತು ಕೇಳೋರು ಒಬ್ರು ಹೊಸದಾಗಿ ಬಂದಾರ."